ಚಿತ್ರಗೀತೆ ಹುಟ್ಟುವ ಬಗೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಚಲನಚಿತ್ರ ಸಂಗೀತವನ್ನು ಕುರಿತು ಒಂದು ಲೇಖನ ಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದ್ದಾರೆ. ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನಾನು 1980ರ ದಶಕದ ಕೊನೆಯ ಕೆಲವು ವರ್ಷ ಮದರಾಸಿನ ಧ್ವನಿಮುದ್ರಣ ಮಂದಿರಗಳಲ್ಲಿ ಪಿಟೀಲು ವಾದಕರ ಸಾಲಿನಲ್ಲಿ ಕುಳಿತಿದ್ದವನು. ಅಲ್ಲಿ ಕಂಡು ಕಲಿತದ್ದನ್ನು ಇಲ್ಲಿ ನಿವೇದಿಸುತ್ತೇನೆ. ತಾಳವಾಡಿಯಂಥ ಗಡಿಸೀಮೆಯಲ್ಲಿ ಚಿತ್ರಗೀತೆ ಬರಿಯ ಮನರಂಜನೆಯಲ್ಲ. ಶಾಲೆ ಬಿಟ್ಟ ಮೇಲೂ ಕಿವಿಗೆ ಬೀಳುವ ಕನ್ನಡ ಪಾಠ ಅದು. ಆದ್ದರಿಂದ ಹಾಡಿನೊಳಗೆ ನಮ್ಮ ಮಾತು ಕೆಡದೆ ಹೇಗೆ ಉಳಿದುಬರುತ್ತದೆ ಎಂಬುದು ನಮಗೆ ತಿಳಿದಿರಬೇಕಾದ ಸಂಗತಿ.

1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ಕೊಲ್ಲಾಪುರದಲ್ಲಿ ತಯಾರಾಯಿತು. ಅನಂತರ ದಶಕಗಳ ಕಾಲ ಕನ್ನಡ ಚಿತ್ರಸಂಗೀತದ ಬಹುಪಾಲು ಕೆಲಸ ನಡೆದದ್ದು ಮದರಾಸಿನಲ್ಲಿ. ಆರಂಭದಲ್ಲಿ ನಟನಟಿಯರೇ ಹಾಡುತ್ತಿದ್ದರು. ಕಂಪನಿ ನಾಟಕಗಳ ಮಟ್ಟುಗಳೇ ಅವರಿಗೆ ಆಧಾರ. ಹಿನ್ನೆಲೆ ಗಾಯನ ಬಂದ ಮೇಲೆ ಕ್ರಮ ಬದಲಾಯಿತು. ಹಾಡು ಮೊದಲು ಧ್ವನಿಮುದ್ರಣವಾಗುತ್ತದೆ. ಅದನ್ನು ಕೇಳಿಸುತ್ತಾ, ನಟರ ತುಟಿಚಲನೆಗೆ ಹೊಂದಿಸಿ, ಚಿತ್ರೀಕರಣ ಆಮೇಲೆ ನಡೆಯುತ್ತದೆ.

ಹಾಡಿನ ಬೀಜ ಸನ್ನಿವೇಶದಲ್ಲಿದೆ. ನಿರ್ದೇಶಕರು ಕಥೆಯ ಸಂದರ್ಭವನ್ನು, ಪಾತ್ರದ ಮನಃಸ್ಥಿತಿಯನ್ನು ವಿವರಿಸುತ್ತಾರೆ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮುಂದೆ ಕುಳಿತು ‘ತನನ’ ಎಂದು ಗುನುಗುತ್ತಾ ಹತ್ತಾರು ಟ್ಯೂನುಗಳನ್ನು ಮುಂದಿಡುತ್ತಾರೆ. ಪಲ್ಲವಿಯೊಂದು ಒಪ್ಪಿಗೆಯಾದರೆ ಚರಣ ಅದರಿಂದ ಬೆಳೆಯುತ್ತದೆ. ಕೆಲವೊಮ್ಮೆ ಸಾಹಿತ್ಯ ಮೊದಲು ಬಂದು ಅದಕ್ಕೆ ರಾಗ ಹೊಂದಿಸುವುದೂ ಉಂಟು. ಆದರೆ ಟ್ಯೂನಿಗೆ ಮಾತು ಕೂಡಿಸುವುದೇ ಹೆಚ್ಚು ರೂಢಿ.

ಕವಿಯ ಕಷ್ಟ ಇಲ್ಲಿಯೇ. ಕನ್ನಡದಲ್ಲಿ ಹ್ರಸ್ವ ದೀರ್ಘಗಳು ಅರ್ಥವನ್ನೇ ಬದಲಿಸುತ್ತವೆ. ಸ್ವರ ಎಳೆಯುವ ಕಡೆ ‘ಬಳೆ’ ಎಂಬ ಮಾತನ್ನು ಕೂಡಿಸಿದರೆ ಗಾಯಕಿಯ ಬಾಯಲ್ಲಿ ಅದು ‘ಬಾಳೆ’ ಆಗುತ್ತದೆ. ಪ್ರೇಯಸಿಯ ಕೈಗೆ ಬಳೆ ತೊಡಿಸಲು ಹೊರಟ ನಾಯಕ ಬಾಳೆಗೊನೆ ಹೊತ್ತಂತಾದೀತು! ಪದದ ನಡುವೆ ತಾಳ ಕಡಿದರೂ ಅರ್ಥಕ್ಕೆ ಪೆಟ್ಟು. ಆದ್ದರಿಂದ ಒಳ್ಳೆಯ ಗೀತರಚನಕಾರ ಟ್ಯೂನಿನಲ್ಲಿ ದೀರ್ಘ ಎಲ್ಲಿದೆ, ನಿಲುಗಡೆ ಎಲ್ಲಿದೆ ಎಂದು ಅಳೆದೇ ಪದ ಆರಿಸುತ್ತಾನೆ. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಮೊದಲಾದವರ ಹಾಡುಗಳು ಮಾತಾಡಿದಷ್ಟು ಸಹಜವಾಗಿ ಕೇಳುವುದರ ಗುಟ್ಟು ಇದು.

ಮುಂದಿನ ಹೊಣೆ ವಾದ್ಯಸಂಯೋಜಕರದು. ಪಲ್ಲವಿ ಚರಣಗಳ ನಡುವಿನ ವಾದ್ಯಭಾಗವನ್ನು ಯಾವ ವಾದ್ಯ ನುಡಿಸಬೇಕು, ಪಿಟೀಲುಗಳು ಎಲ್ಲಿ ಏರಬೇಕು ಎಂಬುದನ್ನೆಲ್ಲ ಅವರು ಬರೆದುಕೊಡುತ್ತಾರೆ. ನಮಗೆ ಆ ಹಾಳೆ ಕೈಸೇರುತ್ತಿದ್ದುದು ಧ್ವನಿಮುದ್ರಣದ ದಿನವೇ. ಹಳೆಯ ಪದ್ಧತಿಯಲ್ಲಿ ಗಾಯಕರೂ ವಾದ್ಯಗಾರರೂ ಒಟ್ಟಿಗೆ ನಿಂತು ಇಡೀ ಹಾಡನ್ನು ಒಂದೇ ಉಸಿರಿಗೆ ಮುಗಿಸಬೇಕಿತ್ತು. ಒಬ್ಬರು ತಪ್ಪಿದರೂ ಮೊದಲಿನಿಂದ ಆರಂಭ. ಅನೇಕ ಪದರಗಳ ಧ್ವನಿಮುದ್ರಣ ಬಂದ ಮೇಲೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಮುದ್ರಿಸಿ ಕೂಡಿಸುವುದು ಸಾಧ್ಯವಾಯಿತು.

ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ—ಈ ಮೂವರ ಮನೆಮಾತೂ ತೆಲುಗು. ಸಂಗೀತ ನಿರ್ದೇಶಕ ಉಪೇಂದ್ರ ಕುಮಾರ್ ಒಡಿಶಾದವರು. ಕನ್ನಡ ಓದಲು ಬಾರದ ಗಾಯಕರು ಸಾಹಿತ್ಯವನ್ನು ತಮ್ಮ ಲಿಪಿಯಲ್ಲಿ ಬರೆದುಕೊಳ್ಳುವುದುಂಟು. ತಮಿಳಿನಲ್ಲಿ ತ, ಥ, ದ, ಧ ನಾಲ್ಕಕ್ಕೂ ಒಂದೇ ಅಕ್ಷರವೆಂಬುದು ಎರಡೂ ಲಿಪಿ ಬಲ್ಲ ನಮ್ಮ ಮಕ್ಕಳಿಗೆ ಗೊತ್ತು. ‘ಧನ’ವು ‘ದನ’ವಾಗದಂತೆ, ‘ಹಾಲು’ ‘ಹಾಳು’ ಆಗದಂತೆ ಕನ್ನಡ ಬಲ್ಲವರೊಬ್ಬರು ಪಕ್ಕದಲ್ಲೇ ಕುಳಿತು ತಿದ್ದಬೇಕು. ಅವರ ಹೆಸರು ತೆರೆಯ ಮೇಲೆ ಬರದಿರಬಹುದು. ಅವರ ಕಿವಿಯ ಎಚ್ಚರ ಮಾತ್ರ ಹಾಡಿನಲ್ಲಿ ಉಳಿದಿರುತ್ತದೆ.

ಚಿತ್ರೀಕರಣ ಮತ್ತು ಸಂಕಲನ ಮುಗಿದ ಮೇಲೆ ಹಿನ್ನೆಲೆ ಸಂಗೀತದ ಸರದಿ. ನಮ್ಮ ಕಡೆ ಇದಕ್ಕೆ ರೀರೆಕಾರ್ಡಿಂಗ್ ಎಂದೇ ಹೆಸರು. ಇಲ್ಲಿ ಲೆಕ್ಕವೇ ಗುರು. 35 ಮಿ.ಮೀ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ, ನಿಮಿಷಕ್ಕೆ 90 ಅಡಿ ಓಡುತ್ತದೆ. ತಾಯಿಯೊಬ್ಬಳು ಮಗನ ಪತ್ರ ಒಡೆದು ಓದುವ ದೃಶ್ಯ 12 ಸೆಕೆಂಡು, ಅಂದರೆ 18 ಅಡಿ ಇದೆಯೆನ್ನೋಣ. ನಿಮಿಷಕ್ಕೆ 80 ಎಣಿಕೆಯ ನಡೆ ಹಿಡಿದರೆ ಅಲ್ಲಿ 16 ಎಣಿಕೆಗಳಿಗೆ ಜಾಗ. ಆದಿತಾಳದ ಎರಡು ಆವರ್ತ. ಅವಳ ಕಣ್ಣೀರು ಒಂಬತ್ತನೆಯ ಎಣಿಕೆಗೆ ಬಿದ್ದರೆ ಕೊಳಲು ಅಲ್ಲಿಯೇ ತೆರೆದುಕೊಳ್ಳಬೇಕು. ತೆರೆಯ ಮೇಲೆ ದೃಶ್ಯ ಓಡುತ್ತಿರುವಾಗ ವಾದ್ಯವೃಂದದ ನಿರ್ದೇಶಕರ ಕೈ ನೋಡಿಕೊಂಡು ನಾವು ನುಡಿಸುತ್ತಿದ್ದೆವು. ಎಲ್ಲಿ ನುಡಿಸಬಾರದು ಎಂಬ ತೀರ್ಮಾನವೂ ಸಂಗೀತವೇ. ಮೌನವೂ ಒಂದು ಸ್ವರ.

ವಾದ್ಯದ ಆಯ್ಕೆಯಲ್ಲಿಯೂ ಔಚಿತ್ಯ ಮುಖ್ಯ. 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಸಂಗೀತವಿತ್ತರು, ಅದರಲ್ಲಿ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ರಂಗಭೂಮಿಯಿಂದ ಬಂದ ಬಿ.ವಿ. ಕಾರಂತರು ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದರು. 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖರು ಸಾಹಿತ್ಯ, ಸಂಗೀತ ಎರಡನ್ನೂ ಒಬ್ಬರೇ ನಿರ್ವಹಿಸಿ ಹೊಸ ಪೀಳಿಗೆಯ ಕಿವಿ ಸೆಳೆದರು.

ಇಂದು ಕಂಪ್ಯೂಟರಿನ ಮುಂದೆ ಕುಳಿತ ಒಬ್ಬನೇ ಇಡೀ ವಾದ್ಯವೃಂದದ ನಾದವನ್ನು ಹೊರಡಿಸಬಲ್ಲ. ನಮ್ಮಂಥ ವಾದಕರ ಸಾಲುಗಳು ಕರಗಿವೆ. ಆದರೆ ‘ಬಳೆ’ ಮತ್ತು ‘ಬಾಳೆ’ಯ ಅಂತರವನ್ನು ಯಂತ್ರಕ್ಕೆ ಬಿಟ್ಟು ನಿಶ್ಚಿಂತರಾಗಿರುವಂತಿಲ್ಲ. ಅದಕ್ಕೆ ಕನ್ನಡದಲ್ಲಿ ಪಳಗಿದ ಕಿವಿ ಬೇಕು.

ಆ ಕಿವಿಗೆ ನಮ್ಮ ಸೀಮೆಯಲ್ಲೇ ನಿದರ್ಶನವಿದೆ. ಗಾಜನೂರಿನ ಡಾ. ರಾಜಕುಮಾರ್ ಹೆಚ್ಚು ಶಾಲೆ ಕಲಿತವರಲ್ಲ. ಗುಬ್ಬಿ ಕಂಪನಿಯ ರಂಗದ ಮೇಲೆ ಮಾತನ್ನು ತಿದ್ದಿಕೊಂಡವರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದೀಚೆಗೆ ತಮ್ಮ ಪಾತ್ರಗಳಿಗೆ ನಿಯಮಿತವಾಗಿ ತಾವೇ ಹಾಡತೊಡಗಿದರು. 1992ರ ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ರಂಗಭೂಮಿ ಅವರಿಗೆ ಕೊಟ್ಟ ಉಚ್ಚಾರಣೆಯ ಶಿಸ್ತನ್ನು ಇಂದು ಈ ಗಡಿಯಲ್ಲಿ ಕೊಡಬೇಕಾದುದು ಕನ್ನಡ ಶಾಲೆ.