ಚೆಂಡಿನ ಬೆನ್ನು ಹತ್ತಿದ ವಲಸೆ ಹಕ್ಕಿಗಳು

ಜಪಾನಿನ ಫುಟ್‌ಬಾಲ್ ಎಂದೊಡನೆ ಕ್ರೀಡಾಪ್ರೇಮಿಗಳ ನೆನಪಿಗೆ ಬರುವುದು 2022ರ ಕತಾರ್ ವಿಶ್ವಕಪ್‌ನಲ್ಲಿ ಜರ್ಮನಿ ಮತ್ತು ಸ್ಪೇನ್ ಎರಡನ್ನೂ ಸೋಲಿಸಿದ ನೀಲಿ ಅಂಗಿಯ ತಂಡ. ಆ ತಂಡದ ಬಹುಪಾಲು ಆಟಗಾರರು ಯೂರೋಪಿನ ಕ್ಲಬ್‌ಗಳಲ್ಲಿ ಆಡುವವರು. ಅವರು ಕ್ಲಬ್ ಬದಲಿಸಿದರೂ ಸುದ್ದಿ, ಕಾಲು ಉಳುಕಿಸಿಕೊಂಡರೂ ಸುದ್ದಿ.

ಆದರೆ ಅದೇ ದೇಶದಿಂದ ಬೂಟು ಗಂಟು ಕಟ್ಟಿಕೊಂಡು ಹೊರಟ ಇನ್ನೊಂದು ದಂಡೂ ಇದೆ. ಪೋಲೆಂಡಿನ ಎರಡನೇ ಡಿವಿಷನ್, ಜರ್ಮನಿಯ ಜಿಲ್ಲಾ ಲೀಗ್, ಲಾಟ್ವಿಯಾ, ನ್ಯೂಜಿಲೆಂಡ್, ಸಿಂಗಪುರ, ಮಾಲ್ಡೀವ್ಸ್, ಅಷ್ಟೇಕೆ ನಮ್ಮ ಕೋಲ್ಕತ್ತ ಮತ್ತು ಪುಣೆಯವರೆಗೂ ಈ ದಂಡು ಹರಡಿದೆ. ಇವರ ಹೆಸರು ಜಪಾನಿನಲ್ಲೇ ಹಲವರಿಗೆ ಗೊತ್ತಿಲ್ಲ. ರಾಷ್ಟ್ರೀಯ ತಂಡದ ಕರೆ ತಮಗೆ ಬರುವುದಿಲ್ಲ ಎಂಬುದು ಇವರಿಗೂ ಗೊತ್ತು. ಹಾಗಿದ್ದೂ ಇವರು ಮನೆ ಬಿಟ್ಟು ಹೊರಟದ್ದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಜಪಾನಿನಲ್ಲಿ ಫುಟ್‌ಬಾಲ್ ಒಂದು ಉದ್ಯೋಗವಾಗಿ ಬೆಳೆದ ಬಗೆಯನ್ನು ನೋಡಬೇಕು.

ಕಂಪೆನಿ ನೌಕರಿಯಿಂದ ಕರಾರಿನ ಆಟಕ್ಕೆ

1965ರಿಂದ 1992ರವರೆಗೆ ಜಪಾನಿನ ಮುಖ್ಯ ಲೀಗ್‌ನಲ್ಲಿ ಆಡುತ್ತಿದ್ದುದು ಹೆಚ್ಚಾಗಿ ಕಂಪೆನಿಗಳ ತಂಡಗಳು. ಮಿತ್ಸುಬಿಷಿ, ನಿಸ್ಸಾನ್, ಯಾನ್ಮಾರ್, ಫುರುಕಾವಾ ಎಲೆಕ್ಟ್ರಿಕ್ ಮುಂತಾದ ಉದ್ಯಮಗಳು ತಮ್ಮದೇ ತಂಡ ಕಟ್ಟಿದ್ದವು. ಆಟಗಾರರು ಮೊದಲು ಕಂಪೆನಿಯ ನೌಕರರು, ಆಮೇಲೆ ಆಟಗಾರರು. ಸಂಬಳ ದೊಡ್ಡದಲ್ಲ. ಆದರೆ ಕಾಲಿನ ಶಕ್ತಿ ಕುಂದಿದ ಮೇಲೂ ಕಚೇರಿಯಲ್ಲಿ ಕುರ್ಚಿಯೊಂದು ಕಾದಿರುತ್ತಿತ್ತು.

ಈ ವ್ಯವಸ್ಥೆಯಿಂದ ಹೊರಗೆ ಹೆಜ್ಜೆ ಇಟ್ಟವರಲ್ಲಿ ಮೊದಲು ನೆನೆಯಬೇಕಾದವರು ಯಾಸುಹಿಕೊ ಒಕುದೆರಾ. ಫುರುಕಾವಾ ತಂಡದಲ್ಲಿದ್ದ ಅವರು 1977ರಲ್ಲಿ ಜರ್ಮನಿಯ ಕೊಲೋನ್ ಕ್ಲಬ್ ಸೇರಿ, ಬುಂಡೆಸ್‌ಲೀಗಾದಲ್ಲಿ ಆಡಿದ ಮೊದಲ ಜಪಾನಿ ಎನಿಸಿಕೊಂಡರು. ಮೊದಲ ಋತುವಿನಲ್ಲೇ ಅವರ ತಂಡ ಲೀಗ್ ಪ್ರಶಸ್ತಿಯನ್ನೂ ಜರ್ಮನ್ ಕಪ್ಪನ್ನೂ ಗೆದ್ದಿತು. ಚರಿತ್ರೆಯ ಪುಸ್ತಕಗಳು ಇದನ್ನು ಹೇಳುತ್ತವೆ. ಅಷ್ಟಾಗಿ ಹೇಳದ ಸಂಗತಿಯೆಂದರೆ, ಅವರು ಮುಂದೆ 1980-81ರಲ್ಲಿ ಬರ್ಲಿನ್‌ನ ಹೆರ್ಥಾ ತಂಡದ ಪರವಾಗಿ ಎರಡನೇ ಡಿವಿಷನ್‌ನಲ್ಲೂ ಆಡಿದರು. ಅಲ್ಲಿಂದ ವೆರ್ಡರ್ ಬ್ರೆಮೆನ್ ಸೇರಿ ಮತ್ತೆ ಮೇಲಿನ ಹಂತದಲ್ಲಿ ಐದು ವರ್ಷ ಆಡಿದರು. ಒಂದು ಮೆಟ್ಟಿಲು ಇಳಿದು ಆಟ ಉಳಿಸಿಕೊಳ್ಳುವ ದಾರಿಯನ್ನು ಆ ಹಿರಿಯರೇ ತೋರಿಸಿಕೊಟ್ಟಿದ್ದರು ಎನ್ನಬೇಕು.

1993ರಲ್ಲಿ 10 ಕ್ಲಬ್‌ಗಳೊಂದಿಗೆ ವೃತ್ತಿಪರ ಜೆ ಲೀಗ್ ಆರಂಭವಾಯಿತು. 1999ರಲ್ಲಿ ಎರಡನೇ ಡಿವಿಷನ್, 2014ರಲ್ಲಿ ಮೂರನೇ ಡಿವಿಷನ್ ಸೇರಿಕೊಂಡವು. 2024ರ ಹೊತ್ತಿಗೆ ಮೂರೂ ಡಿವಿಷನ್‌ಗಳಲ್ಲಿ ತಲಾ 20ರಂತೆ 60 ಕ್ಲಬ್‌ಗಳಾದವು. ಸಾವಿರಾರು ಯುವಕರಿಗೆ ಫುಟ್‌ಬಾಲ್ ಒಂದು ಉದ್ಯೋಗವಾಯಿತು. ಆದರೆ ಕಂಪೆನಿ ನೌಕರಿ ಕೊಡುತ್ತಿದ್ದ ಭದ್ರತೆ ಕಳಚಿ ಬಿತ್ತು. ಈಗ ಇರುವುದು ಕರಾರು ಮಾತ್ರ. ಕರಾರು ಮುಗಿದರೆ ಕೆಲಸವೂ ಮುಗಿಯಿತು.

'ಪಡೆಯ ಹೊರಗಿನವನು'

ಜೆ ಲೀಗ್‌ನಲ್ಲಿ ಬಹುಕಾಲ ಹೊಸಬರ ಸಂಬಳಕ್ಕೆ ಮಿತಿ ಇತ್ತು. 'ಸಿ' ದರ್ಜೆಯ ಕರಾರಿನಲ್ಲಿ ಸೇರಿದ ಹುಡುಗನಿಗೆ ವರ್ಷಕ್ಕೆ 50 ಲಕ್ಷ ಯೆನ್‌ಗಿಂತ ಕಡಿಮೆ. ಇಂತಿಷ್ಟು ನಿಮಿಷ ಮೈದಾನದಲ್ಲಿ ಆಡಿದ ಬಳಿಕವೇ ಅವನು ಈ ದರ್ಜೆ ದಾಟಬಹುದಿತ್ತು. 2026ರಿಂದ ಈ ದರ್ಜೆ ಪದ್ಧತಿಯನ್ನು ಕೈಬಿಟ್ಟು ಕನಿಷ್ಠ ಸಂಬಳ ನಿಗದಿಪಡಿಸಲು ಲೀಗ್ ತೀರ್ಮಾನಿಸಿತು. ಅಲ್ಲಿಯವರೆಗೆ ಬೆಂಚಿನ ಮೇಲೇ ಕುಳಿತ ಹುಡುಗ ಕಡಿಮೆ ಸಂಬಳದಲ್ಲಿ ಎರಡು ಮೂರು ವರ್ಷ ಕಳೆದು, ಆಮೇಲೆ ಹೊರಬೀಳುವುದು ಸಾಮಾನ್ಯವಾಗಿತ್ತು.

ಹೀಗೆ ಹೊರಬಿದ್ದವನಿಗೆ ಜಪಾನಿ ಭಾಷೆಯಲ್ಲಿ ಒಂದು ನಿಷ್ಠುರ ಪದವಿದೆ: 'ಸೆನ್ರ್ಯೊಕುಗಾಯ್'. ಪಡೆಯ ಲೆಕ್ಕಕ್ಕೆ ಸೇರದವನು ಎಂದು ಅದರ ಅರ್ಥ. ಇಂಥವರಿಗಾಗಿ ಆಟಗಾರರ ಸಂಘವೇ ವರ್ಷದ ಕೊನೆಯಲ್ಲಿ ಆಯ್ಕೆ ಪಂದ್ಯಗಳನ್ನು ಏರ್ಪಡಿಸಿದ್ದುಂಟು. ಎದೆಗೆ ನಂಬರು ಕಟ್ಟಿಕೊಂಡು, ಬೇರೆ ಕ್ಲಬ್‌ಗಳ ಪ್ರತಿನಿಧಿಗಳ ಎದುರು ಇನ್ನೊಮ್ಮೆ ಆಡಿ ತೋರಿಸುವ ಪರೀಕ್ಷೆ ಅದು.

ಇನ್ನೊಂದು ಕಾರಣವೂ ಇದೆ. ಜಪಾನಿನ ಅನೇಕ ಆಟಗಾರರು ವಿಶ್ವವಿದ್ಯಾಲಯದ ಓದು ಮುಗಿಸಿ 22ನೇ ವಯಸ್ಸಿಗೆ ವೃತ್ತಿಗೆ ಇಳಿಯುತ್ತಾರೆ. ಯೂರೋಪಿನಲ್ಲಿ 18ರ ಹುಡುಗ ಆಗಲೇ ಪಳಗಿರುತ್ತಾನೆ. 25ಕ್ಕೆ ಕರಾರು ಕಳೆದುಕೊಂಡ ಜಪಾನಿ ಯುವಕನ ಮುಂದೆ ಇರುವುದು ಎರಡೇ ದಾರಿ. ಒಂದು, ಊರಿನಲ್ಲೇ ಬೇರೆ ಕೆಲಸ ಹುಡುಕುವುದು. ಇನ್ನೊಂದು, ತನ್ನ ಆಟಕ್ಕೆ ಬೆಲೆ ಕೊಡುವ ದೇಶ ಹುಡುಕುವುದು.

ಬಾಗಿಲು ತೆರೆದ ನಿಯಮಗಳು

ಹೊರದೇಶದ ಬಾಗಿಲು ತಾನಾಗಿ ತೆರೆಯಲಿಲ್ಲ. ಅದನ್ನು ತೆರೆದದ್ದು ಕೆಲವು ನಿಯಮಗಳು. ಏಷ್ಯಾ ಫುಟ್‌ಬಾಲ್ ಒಕ್ಕೂಟ 2009ರಲ್ಲಿ 'ಮೂರು ಮತ್ತು ಒಂದು' ಎಂಬ ಸೂತ್ರ ತಂದಿತು. ಒಂದು ತಂಡದಲ್ಲಿ ಯಾವುದೇ ದೇಶದ ಮೂವರು ವಿದೇಶಿಯರು ಇರಬಹುದಿತ್ತು, ಅದರ ಮೇಲೆ ಏಷ್ಯಾದವನೇ ಆದ ಇನ್ನೊಬ್ಬನಿಗೆ ಜಾಗವಿತ್ತು. ಏಷ್ಯಾದ ಹಲವು ಲೀಗ್‌ಗಳು ಇದನ್ನು ಅಳವಡಿಸಿಕೊಂಡವು. ಬ್ರೆಜಿಲ್ ಮತ್ತು ಆಫ್ರಿಕಾದ ಆಟಗಾರರು ಆ ಮೂರು ಜಾಗ ತುಂಬಿದರೆ, ನಾಲ್ಕನೆಯದಕ್ಕೆ ಶಿಸ್ತಿನ, ಓಡಿ ದಣಿಯದ ಜಪಾನಿ ಆಟಗಾರ ಹೇಳಿ ಮಾಡಿಸಿದಂತಿದ್ದ.

ಜರ್ಮನಿಯಲ್ಲಿ 2006ರಿಂದ ಬುಂಡೆಸ್‌ಲೀಗಾ ಯೂರೋಪಿನ ಹೊರಗಿನ ಆಟಗಾರರ ಮೇಲಿನ ಸಂಖ್ಯಾಮಿತಿಯನ್ನು ತೆಗೆದುಹಾಕಿತು. ಕೆಳಹಂತದಲ್ಲಿ ಆಡಬಯಸುವವರಿಗೆ ನೆರವಾದದ್ದು 'ವರ್ಕಿಂಗ್ ಹಾಲಿಡೇ' ಎಂಬ ವೀಸಾ. 18ರಿಂದ 30ರ ವಯಸ್ಸಿನವರು ಪರದೇಶದಲ್ಲಿ ಸ್ವಲ್ಪ ಕಾಲ ಉಳಿದು, ಖರ್ಚಿಗೆ ಅಲ್ಲೇ ಕೆಲಸ ಮಾಡಿಕೊಳ್ಳಲು ಇದು ಅವಕಾಶ ಕೊಡುತ್ತದೆ. ಜಪಾನ್ ಈ ಒಪ್ಪಂದವನ್ನು ಆಸ್ಟ್ರೇಲಿಯಾದೊಂದಿಗೆ 1980ರಲ್ಲೂ ಜರ್ಮನಿಯೊಂದಿಗೆ 2000ದಲ್ಲೂ ಮಾಡಿಕೊಂಡಿತು. ಹಗಲು ಹೋಟೆಲಿನಲ್ಲೋ ಗೋದಾಮಿನಲ್ಲೋ ದುಡಿದು ಸಂಜೆ ಅಭ್ಯಾಸಕ್ಕೆ ಓಡುವ ಬದುಕು ಇಂಥ ವೀಸಾದಿಂದ ಸಾಧ್ಯವಾಯಿತು.

ಜರ್ಮನಿಯ ಮೈಂಜ್ ನಗರದಲ್ಲಿ ಇಂಥ ಜಪಾನಿ ಹುಡುಗರಿಗೆಂದೇ ಒಂದು ಕ್ಲಬ್ ಹುಟ್ಟಿತು. ಅಲ್ಲಿನ ದೊಡ್ಡ ಕ್ಲಬ್‌ನಲ್ಲಿ ಆಡುತ್ತಿದ್ದ ಜಪಾನಿನ ಖ್ಯಾತ ಆಟಗಾರ ಶಿಂಜಿ ಒಕಾಜಾಕಿ ಗೆಳೆಯರೊಡನೆ ಸೇರಿ 2014ರಲ್ಲಿ ಕಟ್ಟಿದ ಬಸಾರಾ ಮೈಂಜ್ ಅದು. ಜಿಲ್ಲಾ ಲೀಗ್‌ನ ತೀರಾ ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿ ಒಂದೊಂದೇ ಹಂತ ಮೇಲೇರಿತು. ಒಕಾಜಾಕಿ ಇಂಗ್ಲೆಂಡಿನಲ್ಲಿ ಲೆಸ್ಟರ್ ತಂಡದೊಂದಿಗೆ 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದವರು. 2024ರಲ್ಲಿ ಆಟದಿಂದ ನಿವೃತ್ತರಾದ ಮೇಲೆ ಅವರು ಕೋಚ್ ಆಗಿ ಬಂದು ನಿಂತದ್ದು ಇದೇ ಸಣ್ಣ ಕ್ಲಬ್ಬಿಗೆ.

ಸಿಂಗಪುರದ ಜಪಾನಿ ತಂಡ

ಏಷ್ಯಾದಲ್ಲಿ ಇದಕ್ಕಿಂತ ಮೊದಲೇ ಇಂಥ ಪ್ರಯೋಗ ನಡೆದಿತ್ತು. ಜಪಾನ್ ಸಮುದ್ರದ ದಂಡೆಯ ನೀಗಾತಾ ನಗರದ ಆಲ್ಬಿರೆಕ್ಸ್ ಕ್ಲಬ್ 2004ರಲ್ಲಿ ಸಿಂಗಪುರದ ಲೀಗ್‌ಗೆ ತನ್ನದೊಂದು ತಂಡವನ್ನು ಇಳಿಸಿತು. ಆಟಗಾರರೆಲ್ಲ ಜಪಾನಿಗಳು. ಜಪಾನಿನಲ್ಲಿ ಅವಕಾಶ ಸಿಗದ ಯುವಕರು ವಾರವಾರವೂ ಆಡುವಂತಾಗಬೇಕು ಎಂಬುದು ಉದ್ದೇಶ. ಮೊದಮೊದಲು ಸಾಧಾರಣವಾಗಿದ್ದ ತಂಡ 2016, 2017, 2018, 2020, 2022 ಮತ್ತು 2023ರಲ್ಲಿ ಲೀಗ್ ಪ್ರಶಸ್ತಿ ಗೆದ್ದಿತು.

ಈ ತಂಡದಲ್ಲಿ ಯಾರೂ ಹೆಚ್ಚು ಕಾಲ ನಿಲ್ಲುತ್ತಿರಲಿಲ್ಲ. ಒಂದೆರಡು ವರ್ಷ ಆಡಿ ಥಾಯ್ಲೆಂಡ್, ಮಲೇಷ್ಯಾ, ಭಾರತ ಎಂದು ಮುಂದೆ ಹೊರಡುತ್ತಿದ್ದರು. ಕೆಲವರು ಸಿಂಗಪುರದಲ್ಲೇ ಬೇರೂರಿದರು. ಆಲ್ಬಿರೆಕ್ಸ್‌ನಲ್ಲಿ ಆಡಿದ್ದ ಕ್ಯೋಗಾ ನಕಾಮುರಾ 2024ರಲ್ಲಿ ಸಿಂಗಪುರದ ಪೌರತ್ವ ಪಡೆದು ಆ ದೇಶದ ರಾಷ್ಟ್ರೀಯ ತಂಡಕ್ಕೇ ಆಡಿದರು.

ಇಂಥ ಸಂಚಾರಿಗಳಲ್ಲಿ ಹಿರಿಯರು ಸಪ್ಪೊರೊದಲ್ಲಿ 1975ರಲ್ಲಿ ಹುಟ್ಟಿದ ದಾನ್ ಇತೊ. ಸೆಂಡಾಯ್ ನಗರದ ಕ್ಲಬ್‌ನಲ್ಲಿ ವೃತ್ತಿ ಆರಂಭಿಸಿದ ಅವರು 2001ರಲ್ಲಿ ಸಿಂಗಪುರಕ್ಕೆ ಹೋದರು. ಅಲ್ಲಿಂದಾಚೆಗೆ ವರ್ಷಕ್ಕೊಂದು ದೇಶ ಎಂಬ ವ್ರತ ಹಿಡಿದವರಂತೆ ವಿಯೆಟ್ನಾಂ, ಹಾಂಗ್‌ಕಾಂಗ್, ಬ್ರೂನೈ, ಮಾಲ್ಡೀವ್ಸ್, ನೇಪಾಳ ಎಂದು ಇಪ್ಪತ್ತರ ಆಸುಪಾಸು ದೇಶ-ಪ್ರದೇಶಗಳಲ್ಲಿ ಆಡಿದರು. ಜಪಾನಿನ ಪತ್ರಿಕೆಗಳು ಅವರನ್ನು 'ಏಷ್ಯಾದ ವಲಸೆ ಹಕ್ಕಿ' ಎಂದು ಕರೆದವು. ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರಲ್ಲ, ಇವರು ದೇಶ ಸುತ್ತಿದ್ದನ್ನೇ ಕೋಶವಾಗಿಸಿಕೊಂಡು, ಹೊರದೇಶಕ್ಕೆ ಹೋಗಬಯಸುವ ಕಿರಿಯರಿಗೆ ದಾರಿ ಹೇಳುವವರಾದರು.

ಯೂರೋಪಿನ ಅಂಚಿನಲ್ಲಿ ಹೀಗೇ ಅಲೆದವರು ತಕಾಫುಮಿ ಅಕಾಹೋಶಿ. ಜಪಾನಿನ ದೊಡ್ಡ ಕ್ಲಬ್ ಉರಾವಾದಲ್ಲಿ ನೆಲೆ ಸಿಗದೆ, 2010ರ ಸುಮಾರಿಗೆ ಲಾಟ್ವಿಯಾಕ್ಕೆ ಹೋಗಿ, ಅಲ್ಲಿಂದ ಪೋಲೆಂಡಿನ ಪೊಗೊನ್ ಶೆಚಿನ್ ಸೇರಿದರು. ಆಗ ಆ ಕ್ಲಬ್ ಎರಡನೇ ಡಿವಿಷನ್‌ನಲ್ಲಿತ್ತು. 2012ರಲ್ಲಿ ಅದು ಮೇಲಿನ ಹಂತಕ್ಕೆ ಏರಿದಾಗ ಅವರೂ ಜೊತೆಗೆ ಏರಿದರು. ಮುಂದೆ ಥಾಯ್ಲೆಂಡ್, ಇರಾನ್, ಇಂಡೊನೇಷ್ಯಾಗಳಲ್ಲೂ ಆಡಿದರು.

ನ್ಯೂಜಿಲೆಂಡಿನ ಆಕ್ಲೆಂಡ್ ಸಿಟಿಯ ತಕುಯಾ ಇವಾತಾ ಅವರ ಕಥೆ ಇನ್ನೂ ಸೊಗಸಿನದು. ಈ ಕ್ಲಬ್‌ನ ಆಟಗಾರರಲ್ಲಿ ಅನೇಕರಿಗೆ ಹಗಲು ಬೇರೆ ಉದ್ಯೋಗವಿತ್ತು. ಅಂಥ ತಂಡ 2014ರ ಡಿಸೆಂಬರ್‌ನಲ್ಲಿ ಮೊರಾಕ್ಕೊದಲ್ಲಿ ನಡೆದ ವಿಶ್ವ ಕ್ಲಬ್ ಕಪ್‌ನಲ್ಲಿ ಆಫ್ರಿಕಾದ ಚಾಂಪಿಯನ್ ತಂಡವನ್ನು ಸೋಲಿಸಿತು. ಮೂರನೇ ಸ್ಥಾನದ ಪಂದ್ಯದಲ್ಲಿ ಮೆಕ್ಸಿಕೊದ ಕ್ರೂಜ್ ಅಜುಲ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿತು. ರಿಯಲ್ ಮ್ಯಾಡ್ರಿಡ್ ಗೆದ್ದ ಆ ಟೂರ್ನಿಯಲ್ಲಿ ಕಂಚಿನ ಪದಕ ಕೊರಳಿಗೆ ಹಾಕಿಕೊಂಡವರಲ್ಲಿ ಈ ಜಪಾನಿ ರಕ್ಷಣಾ ಆಟಗಾರನೂ ಒಬ್ಬರು.

ಭಾರತಕ್ಕೆ ಬಂದವರು

ಈ ವಲಸೆಯ ಒಂದು ಕವಲು ನಮ್ಮ ದೇಶಕ್ಕೂ ಹರಿದಿದೆ. ಫುಕುಶಿಮಾ ಸೀಮೆಯ ಕತ್ಸುಮಿ ಯುಸಾ 2011ರಲ್ಲಿ ಒಎನ್‌ಜಿಸಿ ತಂಡ ಸೇರಿ ಭಾರತಕ್ಕೆ ಬಂದರು. 2013ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಸೇರಿದ ಅವರು ಆ ತಂಡದ ಮಧ್ಯಮೈದಾನದ ಆಧಾರವಾದರು.

2015ರ ಮೇ 31ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಪಂದ್ಯ ನಮ್ಮ ಓದುಗರಲ್ಲಿ ಕೆಲವರಿಗಾದರೂ ನೆನಪಿರಬಹುದು. ಐ-ಲೀಗ್ ಪ್ರಶಸ್ತಿಯನ್ನು ನಿರ್ಧರಿಸುವ ಪಂದ್ಯ ಅದು. ಬೆಂಗಳೂರು ಎಫ್‌ಸಿಗೆ ಗೆಲುವು ಬೇಕಿತ್ತು, ಮೋಹನ್ ಬಾಗಾನ್‌ಗೆ ಡ್ರಾ ಸಾಕಿತ್ತು. ಬೆಂಗಳೂರು ಮುಂದಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷ ಇದ್ದಾಗ ಬಾಗಾನ್ ಗೋಲು ಹೊಡೆದು 1-1ರ ಸಮ ಮಾಡಿಕೊಂಡಿತು. 13 ವರ್ಷಗಳ ಬಳಿಕ ಕೋಲ್ಕತ್ತದ ಆ ಕ್ಲಬ್ ರಾಷ್ಟ್ರೀಯ ಲೀಗ್ ಗೆದ್ದಿತ್ತು. ಕತ್ಸುಮಿ ಆ ಋತುವಿನ ತಂಡದಲ್ಲಿದ್ದವರು. ಮುಂದೆ ಈಸ್ಟ್ ಬೆಂಗಾಲ್, ಮಣಿಪುರದ ನೆರೋಕಾ, ಚೆನ್ನೈ ಸಿಟಿ ತಂಡಗಳಿಗೂ ಅವರು ಆಡಿದರು.

ಇಜುಮಿ ಅರಾತಾ ಅವರದು ಇನ್ನೂ ಗಹನವಾದ ಕಥೆ. 1982ರಲ್ಲಿ ಜಪಾನಿನ ಯಾಮಾಗುಚಿ ಸೀಮೆಯಲ್ಲಿ ಹುಟ್ಟಿದ ಅವರ ತಂದೆ ಗುಜರಾತಿ ಮೂಲದವರು, ತಾಯಿ ಜಪಾನಿ. ಆಲ್ಬಿರೆಕ್ಸ್‌ನ ಸಿಂಗಪುರ ತಂಡದಲ್ಲಿ ಆಡಿ, 2006ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಬಳಿಕ ಮಹೀಂದ್ರಾ ಯುನೈಟೆಡ್, ಪುಣೆ ಎಫ್‌ಸಿ. ಭಾರತಕ್ಕಾಗಿ ಆಡುವ ಆಸೆ ಮೂಡಿದಾಗ ಕಾನೂನು ಅಡ್ಡ ಬಂತು. ಭಾರತದ ಪೌರರಲ್ಲದವರು ದೇಶದ ತಂಡದಲ್ಲಿ ಆಡುವಂತಿಲ್ಲ. ತಂದೆಯ ಊರು ಭಾರತದಲ್ಲಿದ್ದರೆ ಸಾಲದು. ಇತ್ತ ಭಾರತವಾಗಲಿ ಅತ್ತ ಜಪಾನ್ ಆಗಲಿ ಎರಡು ಪೌರತ್ವವನ್ನು ಒಪ್ಪುವುದಿಲ್ಲ. 2012ರಲ್ಲಿ ಅರಾತಾ ಭಾರತದ ಪೌರತ್ವ ಪಡೆದರು. ಹುಟ್ಟಿ ಬೆಳೆದ ದೇಶದ ಪಾಸ್‌ಪೋರ್ಟ್ ಬಿಟ್ಟುಕೊಟ್ಟರು. 2013ರಲ್ಲಿ ಭಾರತದ ಪರ ಮೊದಲ ಪಂದ್ಯ ಆಡಿದರು. ಆಟ ನಿಲ್ಲಿಸಿದ ಮೇಲೆ ಇಲ್ಲೇ ಎಳೆಯರ ತರಬೇತುದಾರರಾದರು. 2025ರಲ್ಲಿ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ತೊರೆದು ಭಾರತೀಯರಾದಾಗ ಎಲ್ಲರೂ ನೆನೆದ ಹಳೆಯ ಉದಾಹರಣೆ ಅರಾತಾ ಅವರದೇ.

ಕಾಲಡಿಯ ನೆಲ

ಈ ಬದುಕನ್ನು ಬಣ್ಣ ಹಚ್ಚಿ ನೋಡುವುದು ಸರಿಯಲ್ಲ. ಸಣ್ಣ ಲೀಗ್‌ಗಳಲ್ಲಿ ಕ್ಲಬ್ ಎಂಬುದು ಮಳೆಗಾಲದ ಅಣಬೆ. ಅರಾತಾ ಆಡಿದ ಮಹೀಂದ್ರಾ ಯುನೈಟೆಡ್ 2010ರಲ್ಲಿ ಮುಚ್ಚಿತು. ಅವರು ಹಲವು ವರ್ಷ ಆಡಿದ ಪುಣೆ ಎಫ್‌ಸಿ 2015ರಲ್ಲಿ ಕೊನೆಗೊಂಡಿತು. ಕತ್ಸುಮಿ ಮೊದಲು ಸೇರಿದ್ದ ಒಎನ್‌ಜಿಸಿ 2013ರ ಬಳಿಕ ಐ-ಲೀಗ್‌ನಲ್ಲಿ ಉಳಿಯಲಿಲ್ಲ. ಆಟಗಾರ ಚೆನ್ನಾಗಿ ಆಡುತ್ತಿದ್ದರೂ ಅವನ ಕಾಲಡಿಯ ನೆಲವೇ ಸರಿದುಹೋಗಬಹುದು.

ಏಜೆಂಟರ ವಿಷಯವೂ ಹಾಗೆಯೇ. ಫುಟ್‌ಬಾಲಿನ ವಿಶ್ವಸಂಸ್ಥೆ ಫಿಫಾ 2015ರಲ್ಲಿ ಏಜೆಂಟರ ಲೈಸೆನ್ಸ್ ಪದ್ಧತಿಯನ್ನು ಕೈಬಿಟ್ಟು, 2023ರಲ್ಲಿ ಮತ್ತೆ ತಂದಿತು. ನಡುವಿನ ವರ್ಷಗಳಲ್ಲಿ ಪರೀಕ್ಷೆ ಬರೆಯದವರೂ ದಲ್ಲಾಳಿಗಳಾಗಬಹುದಿತ್ತು. ಭಾಷೆ ಬಾರದ ಊರಿನಲ್ಲಿ, ಅರ್ಥವಾಗದ ಕರಾರಿಗೆ ಸಹಿ ಹಾಕುವ ಯುವಕನಿಗೆ ಇದರ ಅಪಾಯ ಎಷ್ಟೆಂಬುದನ್ನು ವಿವರಿಸಬೇಕಿಲ್ಲ. ಸಂಬಳ ತಡವಾದರೆ ಕೇಳುವುದು ಯಾರನ್ನು? ಗಾಯವಾದರೆ ಆಸ್ಪತ್ರೆಯ ಖರ್ಚು ಯಾರದು? ವೀಸಾ ಕ್ಲಬ್‌ನ ಹೆಸರಿನಲ್ಲಿದ್ದರೆ ಜಗಳವಾಡಲೂ ಹಿಂಜರಿಕೆ.

ಇನ್ನು ವಯಸ್ಸು. ಜಪಾನಿನ ಕಂಪೆನಿಗಳು ಬಹುಪಾಲು ನೌಕರರನ್ನು ವಿಶ್ವವಿದ್ಯಾಲಯ ಮುಗಿಸಿದ ಕೂಡಲೇ ಸೇರಿಸಿಕೊಳ್ಳುವ ರೂಢಿ ಇಟ್ಟುಕೊಂಡಿವೆ. ಮೂವತ್ತು ದಾಟಿ ಊರಿಗೆ ಮರಳಿದ ಆಟಗಾರನಿಗೆ ಆ ಸಾಲಿನಲ್ಲಿ ನಿಲ್ಲುವ ಹೊತ್ತು ಮೀರಿರುತ್ತದೆ. ಹೊರಟ ದಿನವೇ ಅವನು ಒಡ್ಡಿದ ಪಣ ಇದು.

'ಕೆಳಗಿನ ಲೀಗ್' ಎಂಬ ಮಾತು ಮೇಲೆ ನಿಂತವರು ಕೊಟ್ಟ ಹೆಸರು. ಅಲ್ಲಿ ಆಡುವವನಿಗೆ ಅದು ಅವನ ಕೆಲಸ. ಬೆಳಿಗ್ಗೆ ಎದ್ದು ಅಭ್ಯಾಸಕ್ಕೆ ಹೋಗುವುದು, ತಿಂಗಳ ಕೊನೆಗೆ ಸಂಬಳಕ್ಕೆ ಕಾಯುವುದು, ಮುಂದಿನ ವರ್ಷದ ಚಿಂತೆ, ಇವೆಲ್ಲ ಯಾವುದೇ ದುಡಿಯುವವನ ಬದುಕಿನಂತೆಯೇ. ಸ್ವದೇಶದಲ್ಲಿ 'ಪಡೆಯ ಹೊರಗಿನವನು' ಎನಿಸಿಕೊಂಡವನು ಶೆಚಿನ್‌ನಲ್ಲೋ ಆಕ್ಲೆಂಡಿನಲ್ಲೋ ಕೋಲ್ಕತ್ತದಲ್ಲೋ ಹನ್ನೊಂದು ಮಂದಿಯ ಪಟ್ಟಿಯಲ್ಲಿ ತನ್ನ ಹೆಸರು ಕಂಡಾಗ ಅವನಿಗೆ ಸಿಗುವ ತೃಪ್ತಿಯನ್ನು ಯಾವ ಡಿವಿಷನ್ನಿನ ಲೆಕ್ಕದಲ್ಲೂ ಅಳೆಯಲಾಗದು. ಜಪಾನಿನ ಫುಟ್‌ಬಾಲ್ ಇಂದು ಎಷ್ಟು ದೂರ ಬಂದಿದೆ ಎಂಬುದಕ್ಕೆ ವಿಶ್ವಕಪ್‌ನ ಗೆಲುವುಗಳು ಒಂದು ಸಾಕ್ಷಿಯಾದರೆ, ಈ ಅನಾಮಿಕರ ಬೂಟಿನ ಗುರುತುಗಳು ಇನ್ನೊಂದು.