ಮನಸ್ಸಿನ ಆರೈಕೆಗೆ ಹಾಡಿಯ ಮಕ್ಕಳು

ಬೆಂಗಳೂರಿನ ಹೊರವಲಯದ ಕೋಣಪ್ಪನ ಅಗ್ರಹಾರ, ದೊಡ್ಡತೋಗೂರು ಸುತ್ತಿನ ಹೊಲಗಳು ಇನ್ನೂ ಎಲೆಕ್ಟ್ರಾನಿಕ್ ಸಿಟಿ ಆಗಿರಲಿಲ್ಲ. ಅಲ್ಲಿಂದ ಪಡುವಣಕ್ಕೆ, ಬನ್ನೇರುಘಟ್ಟ ರಸ್ತೆಯ ಸಕಲವಾರದಲ್ಲಿ, 1976ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಒಂದು ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆಯಿತು. ಹಿಂದಿನ ವರ್ಷವಷ್ಟೇ ಸಂಸ್ಥೆಯಲ್ಲಿ ಸಮುದಾಯ ಮನೋವೈದ್ಯ ಘಟಕ ಶುರುವಾಗಿತ್ತು. ಅದರ ಮುಂದಾಳು ಡಾ. ಆರ್.ಎಲ್. ಕಪೂರ್. ಅದಕ್ಕೂ ಮೊದಲು ಅವರು ಕರಾವಳಿಯ ಕೋಟದಲ್ಲಿ ಮನೋವೈದ್ಯ ಜಿ. ಮೋರಿಸ್ ಕಾರ್‌ಸ್ಟೇರ್ಸ್ ಜೊತೆ ಅಧ್ಯಯನ ನಡೆಸಿದ್ದರು. ಮನಸ್ಸು ಕೆಟ್ಟಾಗ ಜನ ಮೊದಲು ಹೋಗುವುದು ನಾಟಿ ವೈದ್ಯರು, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿಗಳ ಬಳಿಗೆ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡಿದ್ದರು. ಅವರೆಲ್ಲ ಊರಿನವರು, ಊರಿನ ಮಾತಾಡುವವರು. ಡಾಕ್ಟರು ಮಾತ್ರ ಹೊರಗಿನವರು.

ಸಕಲವಾರದ ಮುಂದಿದ್ದ ಪ್ರಶ್ನೆ ಸರಳ. ಮನೋವೈದ್ಯರೇ ಇಲ್ಲದ ಹಳ್ಳಿಯಲ್ಲಿ ಕಾಯಿಲೆಯವರನ್ನು ಯಾರು ನೋಡಿಕೊಳ್ಳಬೇಕು? ಹೇಗೂ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕಲಿಸಿದರಾಯಿತು ಎಂಬುದು ಕಂಡುಕೊಂಡ ಉತ್ತರ. ಮಲೇರಿಯಾ, ಲಸಿಕೆ ಎಂದು ಬಾಗಿಲು ತಟ್ಟುವ ಕಾರ್ಯಕರ್ತೆಗೆ ಸ್ಕಿಜೋಫ್ರೇನಿಯಾ ಎಂಬ ಹೆಸರು ಬಾಯಿಪಾಠ ಆಗಬೇಕಿಲ್ಲ. ಒಬ್ಬನೇ ಮಾತಾಡಿಕೊಳ್ಳುವುದು, ಸ್ನಾನ ಬಿಟ್ಟಿರುವುದು, ಕಾರಣವಿಲ್ಲದ ಅನುಮಾನ, ತಿಂಗಳುಗಟ್ಟಲೆ ನಿದ್ದೆ ಇಲ್ಲದಿರುವುದು, ಮೂರ್ಛೆ – ಇವು ಕಣ್ಣಿಗೆ ಬಿದ್ದರೆ ಸಾಕು. ರೋಗಿಯನ್ನು ವೈದ್ಯರ ಮುಂದೆ ಕೂರಿಸುವುದು ಅರ್ಧ ಕೆಲಸ. ಮಾತ್ರೆ ನಡುವೆ ನಿಲ್ಲದಂತೆ ನೋಡಿಕೊಳ್ಳುವುದು, "ಗಾಳಿ ಸೋಕಿದೆ" ಎನ್ನುವ ಅಜ್ಜಿಯನ್ನು ಹೀಗಳೆಯದೆ ಒಪ್ಪಿಸುವುದು ಉಳಿದರ್ಧ. ಎರಡನೆಯ ಅರ್ಧವೇ ಕಷ್ಟದ್ದು.

ಈ ದಾರಿ ದೂರ ಸಾಗಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ 1990ರವರೆಗೆ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಯಿತು. ಅದನ್ನೇ ಮಾದರಿಯಾಗಿಟ್ಟು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಕೂಡ ಅದೇ ಬಳ್ಳಿಯ ಕಾಯಿ. ಆದರೂ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರು ಶೇ. 70ರಿಂದ 92.

ಈ ಬರಹದ ನಿಜವಾದ ಮಾತು ಇಲ್ಲಿಂದ ಶುರು. "ಊರಿನವರು" ಎಂದೆವಲ್ಲ, ಯಾವ ಊರಿನವರು? ಸಕಲವಾರದ ಆಸುಪಾಸಿನಲ್ಲೇ ಬನ್ನೇರುಘಟ್ಟ ಕಾಡಂಚಿನ ಹಕ್ಕಿಪಿಕ್ಕಿ ಕಾಲೊನಿ ಇದೆ. ಕನಕಪುರ, ರಾಮನಗರದ ಕಡೆ ಇರುಳಿಗರ ಹಟ್ಟಿಗಳಿವೆ. ಹಕ್ಕಿಪಿಕ್ಕಿಗಳ ಮನೆಮಾತು ವಾಗ್ರಿ. ಕನ್ನಡದಲ್ಲಿ ವ್ಯಾಪಾರ ಮಾಡುತ್ತಾರೆ, ಅಳುವುದು ವಾಗ್ರಿಯಲ್ಲಿ. ಅಳುವಿನ ಭಾಷೆ ಬಾರದವರು ಎಷ್ಟು ಓದಿದ್ದರೂ ಅಲ್ಲಿ ಅರ್ಧ ಡಾಕ್ಟರೇ.

ಭಾಷೆ ಒಂದೇ ಅಲ್ಲ, ಅವರು ಬದುಕಿದ ನೆಲದ ಕಥೆಯೂ ಗೊತ್ತಿರಬೇಕು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅಲ್ಲಿನ ಪೋಡು, ಅಂದರೆ ಕಾಡಿನೊಳಗಿನ ತನ್ನ ಊರು, ಬಿಟ್ಟುಬಂದ ಸೋಲಿಗ, ನಾಗರಹೊಳೆಯ ಹಾಡಿಯಿಂದ ಹೊರಬಿದ್ದ ಜೇನು ಕುರುಬ "ಮನಸ್ಸು ನಿಲ್ಲುತ್ತಿಲ್ಲ" ಎಂದಾಗ ಅದನ್ನು ಬರೀ ಡಿಪ್ರೆಶನ್ ಎಂದು ಚೀಟಿ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಕಾಡು, ದೇವರ ತಾಣ, ಹೆಂಡದ ಅಂಗಡಿ, ಕೂಲಿ, ಎಲ್ಲವೂ ಆ ಮಾತಿನೊಳಗಿವೆ. ಅದನ್ನು ಕೇಳಿದೊಡನೆ ಗುರುತಿಸಬಲ್ಲವರು ಆ ಹಾಡಿಯಲ್ಲೇ ಬೆಳೆದವರು.

ಹಾಗಾದರೆ ಅವರಿಗೆ ಕಲಿಸಬಹುದೇ? ಮೈಯ ಕಾಯಿಲೆಯ ವಿಷಯದಲ್ಲಿ ಉತ್ತರ ಎಂದೋ ಸಿಕ್ಕಿದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆದಿವಾಸಿ ಹೆಣ್ಣುಮಕ್ಕಳನ್ನು ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ತರಬೇತಿಗೆ ತಯಾರು ಮಾಡಿತು. ಬಂಡೀಪುರ ದಾಟಿದರೆ ಸಿಗುವ ನೀಲಗಿರಿಯ ಗೂಡಲೂರಿನಲ್ಲಿ 'ಅಶ್ವಿನಿ' ಸಂಸ್ಥೆ 1990ರಲ್ಲಿ ಆದಿವಾಸಿ ಆಸ್ಪತ್ರೆ ತೆರೆದು, ಪಣಿಯ, ಬೆಟ್ಟ ಕುರುಂಬ ಮುಂತಾದ ಸಮುದಾಯಗಳ ಯುವತಿಯರನ್ನೇ ನರ್ಸ್‌ಗಳಾಗಿ ಪಳಗಿಸಿತು. ನಮ್ಮ ಹುಡುಗಿಯೇ ಸೂಜಿ ಹಿಡಿದು ನಿಂತಿದ್ದಾಳೆ ಎಂದಾಗ ಆಸ್ಪತ್ರೆಯ ಭಯ ಅರ್ಧ ಇಳಿಯುತ್ತದೆ.

ಮನಸ್ಸಿನ ಆರೈಕೆಯಲ್ಲಿ ತೊಡಕು ಬೇರೆ. ಕಾಯಿಲೆ ಗುರುತಿಸಲು ಕೆಲವು ವಾರಗಳ ತರಬೇತಿ ಸಾಕು, ಆದರೆ ಅದರಿಂದ ಉದ್ಯೋಗ ಸಿಗದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಾಗಲು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಮೇಲೆ ಎರಡು ವರ್ಷದ ಎಂಫಿಲ್ ಬೇಕು. ಪಿಯುಸಿ ಆದಮೇಲೆ ಲೆಕ್ಕ ಹಾಕಿ: ಪದವಿ ಮೂರು, ಎಂಎಸ್‌ಡಬ್ಲ್ಯೂ ಎರಡು, ಎಂಫಿಲ್ ಎರಡು. ಏಳು ವರ್ಷ ಮನೆಗೆ ಕೂಲಿ ತಾರದ ಮಗನನ್ನು ಯಾವ ಹಾಡಿ ಸಾಕೀತು? ಕೇಂದ್ರ ಸಂಸ್ಥೆಗಳಲ್ಲಿ ಪರಿಶಿಷ್ಟ ಪಂಗಡಕ್ಕೆ ಶೇ. 7.5 ಮೀಸಲಾತಿ ಇದೆ ನಿಜ. ಆದರೆ ಅದೇ ಸಾಲಿನಲ್ಲಿ ದೊಡ್ಡ ಸಮುದಾಯಗಳ ಜೊತೆ ಇರುಳಿಗರ ಹುಡುಗ, ಕೊರಗರ ಹುಡುಗಿ ನಿಲ್ಲಬೇಕು. ಮೀಸಲಾತಿ ಬಾಗಿಲು ತೆರೆಯುತ್ತದೆ, ಬಸ್ ಚಾರ್ಜು ಕೊಡುವುದಿಲ್ಲ.

ಆಸ್ಟ್ರೇಲಿಯಾದ ಚಾರ್ಲ್ಸ್ ಸ್ಟರ್ಟ್ ವಿಶ್ವವಿದ್ಯಾಲಯ ಈ ಗಂಟನ್ನು ಬೇರೆ ರೀತಿ ಬಿಡಿಸಿದೆ. ಅಲ್ಲಿನ 'ಜಿರುವಾಂಗ್' ಪದವಿ ಮೂಲನಿವಾಸಿಗಳಿಗೆಂದೇ ರೂಪಿಸಿದ್ದು. ಓದುವವರು ಮಾನಸಿಕ ಆರೋಗ್ಯ ಸೇವೆಯಲ್ಲಿ ಕೆಲಸ ಮಾಡುತ್ತಲೇ ಕಲಿಯಬಹುದು, ಆಗಾಗ ಕೆಲವು ದಿನ ಮಾತ್ರ ಕಾಲೇಜಿಗೆ ಬಂದು ಪಾಠ ಕೇಳುತ್ತಾರೆ. ನಮಗೆ ಒಗ್ಗುವುದು ಇದೇ ಎಂಬುದು ನನ್ನ ತೀರ್ಮಾನ. ಆಶಾ ಕಾರ್ಯಕರ್ತೆಯಾಗಿರುವ ಜೇನು ಕುರುಬರ ಹುಡುಗಿ ಗೌರವಧನ ಬಿಡದೆ ನರ್ಸಿಂಗ್ ಓದಿ, ಆಮೇಲೆ ಒಂದು ವರ್ಷದ ಮನೋವೈದ್ಯಕೀಯ ನರ್ಸಿಂಗ್ ಡಿಪ್ಲೊಮಾ ಮುಗಿಸುವಂತಾಗಬೇಕು.

ಭಾಷೆಯ ತೊಡಕು ಫೋನಿನಲ್ಲೂ ತಪ್ಪಿಲ್ಲ. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ಶುರುವಾಯಿತು. 14416ಕ್ಕೆ ಕರೆ ಮಾಡಿದರೆ ಹಗಲಿರುಳು ಉಚಿತ ಸಲಹೆ ಸಿಗುತ್ತದೆ. ಮುಖ್ಯ ಕೇಂದ್ರ ನಿಮ್ಹಾನ್ಸ್, ತಂತ್ರಜ್ಞಾನದ ನೆರವು ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ ಬೆಂಗಳೂರಿನದು. ಸಹಾಯವಾಣಿ ಇಪ್ಪತ್ತು ಭಾಷೆಗಳಲ್ಲಿ ಮಾತಾಡುತ್ತದೆ. ವಾಗ್ರಿ ಅದರಲ್ಲಿಲ್ಲ, ಸೋಲಿಗ ನುಡಿಯೂ ಇಲ್ಲ.

ಗಿರಿಜನ ಹಾಸ್ಟೆಲಿನ ವಾರ್ಡನ್ನರೋ, ಪಿಯು ಕಾಲೇಜಿನ ಮೇಷ್ಟರೋ ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಪೊಲೀಸ್, ಫಾರೆಸ್ಟ್ ವಾಚರ್ ಕೆಲಸಗಳ ಅರ್ಜಿ ತುಂಬಿಸುವಾಗ, ಮನಸ್ಸಿನ ಆರೈಕೆಯೂ ಒಂದು ನೌಕರಿ ಎಂದು ಮಕ್ಕಳ ಕಿವಿಗೆ ಹಾಕಿ.