ಕಿವಿಯಿಂದ ಬರುವ ಇತಿಹಾಸ: ಕಥೆ ಯಾವುದು, ಚರಿತ್ರೆ ಯಾವುದು?

ನಮ್ಮ ಭಾಗದ ಮನೆತನಗಳಿಗೆ ಶರಣರ ಇತಿಹಾಸವು ಓದಿನಿಂದ ಬಂದುದಕ್ಕಿಂತ ಕೇಳ್ಮೆಯಿಂದ ಬಂದುದೇ ಹೆಚ್ಚು. ಶ್ರಾವಣ ಮಾಸ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮಠಗಳಲ್ಲಿ ಪುರಾಣ ಹಚ್ಚುವುದು ಹಳೆಯ ವಾಡಿಕೆ. ಒಬ್ಬರು ಷಟ್ಪದಿಯನ್ನು ರಾಗವಾಗಿ ಓದುವರು. ಶಾಸ್ತ್ರಿಗಳು ಅದರ ಅರ್ಥವನ್ನು ಬಿಡಿಸಿ ಹೇಳುವರು. ಭೀಮಕವಿಯ ‘ಬಸವಪುರಾಣ’ವೂ (1369) ಚಾಮರಸನ ‘ಪ್ರಭುಲಿಂಗಲೀಲೆ’ಯೂ ಅಕ್ಷರ ಬಾರದ ತಾಯಂದಿರ ನೆನಪಿನಲ್ಲಿ ಉಳಿದದ್ದು ಹೀಗೆ. ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣನವರ ‘ಶ್ರೀಕೃಷ್ಣ ಪಾರಿಜಾತ’ವಾದರೂ ಕೇಳಿ ಕಲಿತವರ ಕೊರಳಿನಿಂದಲೇ ಊರೂರಿಗೆ ಹಬ್ಬಿತು.

ಈಗ ಕೇಳುವ ಸಾಧನ ಬದಲಾಗಿದೆ. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾಯಿತು. ಅನಂತರ ಧ್ವನಿಸುರುಳಿಗಳು ಬಂದವು. ಇಂದು ಕೈಯೊಳಗಿನ ಮೊಬೈಲಿನಲ್ಲಿಯೇ ಕನ್ನಡದ ಶ್ರವ್ಯ ಪುಸ್ತಕಗಳು ದೊರೆಯುತ್ತವೆ. ಕಣ್ಣು ಮಂಜಾದ ಹಿರಿಯರಿಗೆ, ಕನ್ನಡ ಮಾತನಾಡಬಲ್ಲರಾದರೂ ಓದಲು ತಡವರಿಸುವ ಮೊಮ್ಮಕ್ಕಳಿಗೆ ಇದು ದೊಡ್ಡ ಆಸರೆ. ಆದರೆ ಕಿವಿಗೆ ಬಿದ್ದುದೆಲ್ಲವೂ ಚರಿತ್ರೆಯೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕಾಗಿದೆ.

ಹೊರನಾಡಿನ ಒಂದು ನಿದರ್ಶನ

ಇಂಗ್ಲೆಂಡಿನಲ್ಲಿ 1485ರಿಂದ 1603ರವರೆಗೆ ಆಳಿದ ಟ್ಯೂಡರ್ ಅರಸರ ಕಥೆಗೆ ಅಲ್ಲಿ ಕೇಳುಗರು ಬಹಳ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನನ್ನು ಕುರಿತು ಹಿಲರಿ ಮ್ಯಾಂಟೆಲ್ ಬರೆದ ‘ವುಲ್ಫ್ ಹಾಲ್’ ಕಾದಂಬರಿಗೆ 2009ರಲ್ಲಿ ಬೂಕರ್ ಪ್ರಶಸ್ತಿ ಬಂದಿತು. ಅದನ್ನು ಧ್ವನಿಯಲ್ಲಿಯೂ ಕೇಳಬಹುದು; ಅದೇ ಕಾಲವನ್ನು ಕುರಿತು ಇತಿಹಾಸಕಾರರು ಬರೆದ ಗ್ರಂಥಗಳನ್ನೂ ಕೇಳಬಹುದು. ಕಾದಂಬರಿಯು ಅರಮನೆಯ ಒಳಕೋಣೆಗೆ ಕರೆದೊಯ್ಯುತ್ತದೆ. ಇತಿಹಾಸ ಗ್ರಂಥವು ಆ ಕೋಣೆಯಲ್ಲಿ ನಡೆದುದಕ್ಕೆ ದಾಖಲೆ ಏನಿದೆ ಎಂದು ವಿಚಾರಿಸುತ್ತದೆ. ಎರಡೂ ಬೇಕು; ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ಕಲ್ಯಾಣದ ಕಥನಗಳು

ನಮ್ಮ ಕಲ್ಯಾಣದ ಕಾಲಕ್ಕೂ ಇಂಥ ಎರಡು ದಾರಿಗಳಿವೆ. ಬಿ. ಪುಟ್ಟಸ್ವಾಮಯ್ಯನವರು ‘ಉದಯರವಿ’ಯಿಂದ ‘ಕ್ರಾಂತಿ ಕಲ್ಯಾಣ’ದವರೆಗೆ ಆರು ಕಾದಂಬರಿಗಳಲ್ಲಿ ಬಿಜ್ಜಳ-ಬಸವಣ್ಣನವರ ಯುಗವನ್ನು ಚಿತ್ರಿಸಿದರು, ‘ಕ್ರಾಂತಿ ಕಲ್ಯಾಣ’ಕ್ಕೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಲಂಕೇಶರ ‘ಸಂಕ್ರಾಂತಿ’, ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕಗಳೂ ಅದೇ ವಸ್ತುವನ್ನು ತಮ್ಮ ತಮ್ಮ ಕಾಲದ ಕಣ್ಣಿನಿಂದ ನೋಡಿದವು. ಇವುಗಳಲ್ಲಿ ಬಸವಣ್ಣನವರು ಆಡುವ ಮಾತುಗಳಲ್ಲಿ ಲೇಖಕರು ಕಲ್ಪಿಸಿದವು ಬಹಳ. ಪುಸ್ತಕದಲ್ಲಾದರೆ ಉದ್ಧರಣ ಚಿಹ್ನೆ, ಅಂಕಿತ, ಅಡಿಟಿಪ್ಪಣಿಗಳು ಕಣ್ಣಿಗೆ ಕಾಣುತ್ತವೆ. ಧ್ವನಿಯಲ್ಲಿ ಆ ಗುರುತುಗಳಿಲ್ಲ. ವಚನವೂ ಸಂಭಾಷಣೆಯೂ ಒಂದೇ ಕೊರಳಿನಲ್ಲಿ ಹರಿದು ಬರುತ್ತವೆ. ಕೇಳಿದ ಮಗು ನಾಟಕದ ಮಾತನ್ನು ವಚನವೆಂದು ಶಾಲೆಯಲ್ಲಿ ಹೇಳಿದರೆ ತಪ್ಪು ಮಗುವಿನದಲ್ಲ.

ಅರ್ಜುನವಾಡದ ಕಲ್ಲು

ಹಾಗಾದರೆ ಗಟ್ಟಿಯಾದ ಆಧಾರ ಎಲ್ಲಿದೆ? ನಮ್ಮ ನೆರೆಯಲ್ಲಿಯೇ ಇದೆ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಿಲಾಶಾಸನವು ಸೇವುಣರ ಕನ್ನರನ ಆಳ್ವಿಕೆಯದು, ಕ್ರಿ.ಶ. 1260ರದು. ತರ್ದವಾಡಿ ನಾಡಿನ ಬಾಗೇವಾಡಿ, ಮಾದಿರಾಜ, ಆತನ ಮಗ ಬಸವರಾಜ ಎಂಬ ಹೆಸರುಗಳು ಅದರಲ್ಲಿವೆ. ಬಸವಣ್ಣನವರ ಮನೆತನದ ಮುಂದಿನ ಪೀಳಿಗೆಯ ಹಾಲಬಸವಿದೇವನ ಉಲ್ಲೇಖವೂ ಇದೆ. ಬಸವಣ್ಣನವರು ಲಿಂಗೈಕ್ಯರಾದುದು 1167ರಲ್ಲಿ ಎಂದು ಹಿಡಿದರೆ, ಒಂದು ಶತಮಾನ ತುಂಬುವುದರೊಳಗೇ ಕೆತ್ತಿದ ಸಾಕ್ಷಿಯಿದು. ಬಸವಣ್ಣನವರು ಪುರಾಣಪುರುಷರು ಮಾತ್ರವಲ್ಲ, ಈ ನೆಲದಲ್ಲಿ ಬಾಳಿದ ಐತಿಹಾಸಿಕ ವ್ಯಕ್ತಿ ಎಂದು ವಿದ್ವಾಂಸರು ಸಾಧಿಸುವಾಗ ಈ ಕಲ್ಲನ್ನು ಮುಂದಿಡುತ್ತಾರೆ. ಶಾಸನವು ಕಾದಂಬರಿಯಂತೆ ಕಣ್ಣೀರು ತರಿಸಲಾರದು. ಆದರೆ ಅದು ನುಡಿದಷ್ಟು ಸ್ಥಿರವಾಗಿ ನಿಲ್ಲುತ್ತದೆ.

ಇವೆರಡರ ನಡುವೆ ‘ಶೂನ್ಯಸಂಪಾದನೆ’ಯಿದೆ. ಗೋಕಾಕದಲ್ಲಿ ಆ ಹೆಸರಿನ ಮಠವೇ ಇರುವುದರಿಂದ ನಮ್ಮವರಿಗೆ ಈ ಗ್ರಂಥದ ಹೆಸರು ಹೊಸದಲ್ಲ. ಹದಿನೈದು-ಹದಿನಾರನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲಾದ ಸಂಪಾದಕರು ಶರಣರ ವಚನಗಳನ್ನು ಅನುಭವ ಮಂಟಪದ ಸಂವಾದವಾಗಿ ಹೆಣೆದರು. ವಚನಗಳು ಶರಣರವು, ಅವುಗಳನ್ನು ಪ್ರಶ್ನೋತ್ತರವಾಗಿ ಜೋಡಿಸಿದ ಪ್ರತಿಭೆ ಸಂಪಾದಕರದು. ಇದನ್ನರಿತು ಕೇಳಿದರೆ ಗ್ರಂಥದ ಗೌರವ ಕುಂದದು, ಹೆಚ್ಚುತ್ತದೆ.

ಮನೆಯಲ್ಲಿ ಮಾಡಬಹುದಾದುದು

ಸಂಜೆ ಲಿಂಗಪೂಜೆಯಾದ ಮೇಲೆ ಅರ್ಧ ತಾಸು ಮನೆಮಂದಿಯೆಲ್ಲ ಕುಳಿತು ಕೇಳಬಹುದು. ಮೊದಲು ಗ್ರಂಥದ ಹೆಸರು, ಬರೆದವರ ಹೆಸರು, ಬರೆದ ಕಾಲವನ್ನು ಮಕ್ಕಳಿಗೆ ಹೇಳಬೇಕು. ಇದು ಕಾದಂಬರಿಯೋ, ಪುರಾಣವೋ, ವಚನವೋ, ಸಂಶೋಧನೆಯೋ ಎಂಬುದನ್ನು ತಿಳಿಸಬೇಕು. ಸಂದೇಹ ಬಂದ ವಚನವನ್ನು ಮುದ್ರಿತ ಸಂಪುಟದಲ್ಲಿ ಅಂಕಿತಸಹಿತ ನೋಡಿಕೊಳ್ಳಬೇಕು.

ಕೇಳುವುದಷ್ಟೇ ಅಲ್ಲ, ನಾವೇ ಓದಿ ಧ್ವನಿಮುದ್ರಿಸಬಹುದು. ವಚನ ಪಿತಾಮಹ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಪ್ರಕಟಿಸಿದರು. ಅವರು ಲಿಂಗೈಕ್ಯರಾದುದು 1964ರಲ್ಲಿ. ನಮ್ಮ ದೇಶದ ಕಾನೂನಿನಂತೆ ಗ್ರಂಥಸ್ವಾಮ್ಯವು ಲೇಖಕರ ನಂತರ 60 ವರ್ಷ ಇರುವುದರಿಂದ, 2025ರಿಂದ ಅವರ ಬರಹಗಳನ್ನು ಯಾರೂ ನಿರಾತಂಕವಾಗಿ ಓದಿ ಹಂಚಬಹುದು. ಅಜ್ಜಿಯ ಕೊರಳಲ್ಲಿ ನಾಲ್ಕು ವಚನ, ಮೊಮ್ಮಗಳ ಕೊರಳಲ್ಲಿ ಅದರ ಅರ್ಥ — ಇಷ್ಟು ಧ್ವನಿಯಲ್ಲಿ ಉಳಿದರೂ ಆ ಮನೆಗೆ ಅದೊಂದು ಆಸ್ತಿ.

ಶರಣರು ನುಡಿಗೆ ನಡೆಯನ್ನು ಒರೆಗಲ್ಲಾಗಿಸಿದವರು. ಅವರ ಚರಿತ್ರೆಯನ್ನು ಕೇಳುವ ನಾವು, ಕೇಳಿದ ಕಥೆಗೆ ಆಧಾರವನ್ನು ಒರೆಗಲ್ಲಾಗಿಸಿದರೆ ಅವರ ದಾರಿಯಲ್ಲಿಯೇ ನಡೆದಂತಾಗುತ್ತದೆ. ಬರುವ ಶ್ರಾವಣದಿಂದಲಾದರೂ ಪ್ರತಿ ಮನೆಯಲ್ಲಿ ಈ ಶ್ರವಣ ಆರಂಭವಾಗಲಿ ಎಂದು ನಾವು ಹಾರೈಸುತ್ತೇವೆ.